ಮಗಳು, ಅತ್ತೆಯವರ ಜೊತೆ ಜೀರೋಗೆ ಹೋಗಬಹುದಾ?

ಎಂಟು ವರ್ಷದ ಮಗಳು ಮತ್ತು ಅತ್ತೆಯವರನ್ನು ಕರೆದುಕೊಂಡು ಅಕ್ಟೋಬರ್‌ನಲ್ಲಿ ಅರುಣಾಚಲದ ಜೀರೋ ಕಣಿವೆಗೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ ಮೇಡಂ. ಎತ್ತರ ಸುಮಾರು 1,500 ಮೀಟರ್ ಅಷ್ಟೇ, ಉಸಿರಾಟದ ಭಯ ಬೇಡ. ಕಷ್ಟ ಇರೋದು ದಾರಿಯಲ್ಲಿ. ಗುವಾಹಟಿಯಿಂದ ರಾತ್ರಿ ರೈಲಿನಲ್ಲಿ ನಹರ್ಲಾಗುನ್ ತಲುಪಿ, ಅಲ್ಲಿಂದ ನಾಲ್ಕೈದು ಗಂಟೆ ತಿರುವುಗಳ ಘಾಟಿ ರಸ್ತೆ. ಮಗಳಿಗೆ ವಾಂತಿಯಾಗುವ ಅಭ್ಯಾಸವಿದ್ದರೆ ಮಾತ್ರೆ ಇರಲಿ. ಅತ್ತೆಯವರಿಗೆ ಮುಂದಿನ ಸೀಟು ಕೊಡಿ. ಹೊರ ರಾಜ್ಯದವರು ಅರುಣಾಚಲಕ್ಕೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಆನ್‌ಲೈನಲ್ಲೇ ಸಿಗುತ್ತದೆ, ಮೊದಲೇ ಮಾಡಿಸಿಕೊಳ್ಳಿ.

ಹೋಟೆಲ್ ಬೇಡ, ಹಾಂಗ್ ಅಥವಾ ಹಿಜಾ ಹಳ್ಳಿಯಲ್ಲಿ ಅಪತಾನಿಗಳ (ಈ ಕಣಿವೆಯ ಬುಡಕಟ್ಟು ಜನ) ಮನೆಯಲ್ಲೇ ಉಳಿಯಿರಿ. ಮನೆ ನಡುವೆ ಒಲೆ ಉರಿಯುತ್ತಿರುತ್ತದೆ. ನಮ್ಮ ಮಗ ಸಂಜೆಯೆಲ್ಲ ಅಲ್ಲಿಂದ ಏಳಲೇ ಇಲ್ಲ! ಗದ್ದೆಯ ನೀರಿನಲ್ಲೇ ಮೀನು ಸಾಕುತ್ತಾರೆ, ಬದುಗಳ ಮೇಲೆ ರಾಗಿ ಜಾತಿಯ ಧಾನ್ಯ ಬೆಳೆಯುತ್ತಾರೆ. ಮಗಳಿಗೆ ಇದನ್ನು ನಿಧಾನವಾಗಿ ನಡೆದು ತೋರಿಸಿ.

ಒಂದು ಮಾತು. ಅಲ್ಲಿನ ವಯಸ್ಸಾದ ಅಜ್ಜಿಯರ ಮುಖದಲ್ಲಿ ಹಚ್ಚೆ, ಮೂಗಿನಲ್ಲಿ ದೊಡ್ಡ ಬಿಲ್ಲೆ ಇರುತ್ತದೆ. ಸುಮ್ನೆ ಫೋನ್ ಎತ್ತಿ ಫೋಟೋ ತೆಗೆಯಬೇಡಿ. ಮೊದಲು ಪಕ್ಕದಲ್ಲಿ ಕೂತು ಮಾತಾಡಿ, ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ನಮ್ಮಜ್ಜಿಗೆ ಯಾರಾದರೂ ಹಾಗೆ ಮಾಡಿದ್ದರೆ ನಮಗೂ ನೋವಾಗುತ್ತಿತ್ತು ಅಲ್ವಾ?

ಅತ್ತೆಯವರು ಸಸ್ಯಾಹಾರಿಯಾಗಿದ್ದರೆ ಮುಂಚೆಯೇ ಹೇಳಿಬಿಡಿ. ಅನ್ನ, ಸೊಪ್ಪು ಮಾಡಿಕೊಡುತ್ತಾರೆ. ರಾತ್ರಿ ಚಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ.