ಚಳಿಗಾಲದಲ್ಲಿ ಬೈಕ್ ಓಡಿಸುವಾಗ ಬೆರಳು ಮರಗಟ್ಟುತ್ತವೆ, ಹ್ಯಾಂಡ್ ಗಾರ್ಡ್ ಹಾಕಿಸಿದರೆ ಪ್ರಯೋಜನ ಇದೆಯಾ?

ನೀವು ಕೇಳಿರುವುದು ಇಷ್ಟು. ಹಾಸನದಿಂದ ಸಕಲೇಶಪುರಕ್ಕೆ ಬೆಳಗ್ಗೆ ಆರು ಗಂಟೆಗೇ ಬೈಕ್ ಹತ್ತುತ್ತೀರಿ. ಡಿಸೆಂಬರ್, ಜನವರಿಯಲ್ಲಿ ಬೆರಳು ಮರಗಟ್ಟಿ ಕ್ಲಚ್ ಹಿಡಿಯುವುದೇ ಕಷ್ಟವಾಗುತ್ತದೆ. ಹ್ಯಾಂಡ್ ಗಾರ್ಡ್, ಅಂದ್ರೆ ಗ್ರಿಪ್ ಮುಂದೆ ಬೆರಳಿಗೆ ಅಡ್ಡವಾಗಿ ಕೂರುವ ಮರೆ, ಹಾಕಿದರೆ ಉಪಯೋಗವಾಗುತ್ತಾ, ಮನೆಯಲ್ಲೇ ಹಾಕಿಕೊಳ್ಳಬಹುದಾ, ಮುಂದೆ ಲಡಾಖ್‌ಗೆ ಹೋದರೂ ಅದೇ ಸಾಕಾಗುತ್ತಾ ಅಂತ. ಬೈಕ್ ಯಾವುದು ಅಂತ ಮಾತ್ರ ಹೇಳಿಲ್ಲ. ಪರವಾಗಿಲ್ಲ, ಹೆಚ್ಚಿನ ಬೈಕ್‌ಗಳಿಗೆ ಹೊಂದುವ ಹಾಗೆ ಬರೆಯುತ್ತೇನೆ.

ಹಾಕಿಸಿ, ಖಂಡಿತ ಉಪಯೋಗವಿದೆ. ಆದರೆ ಗಾರ್ಡ್ ಕೈಯನ್ನು ಬೆಚ್ಚಗೆ ಮಾಡುವುದಿಲ್ಲ. ಗಾಳಿಯನ್ನೂ ನೀರನ್ನೂ ತಡೆಯುತ್ತದೆ, ಅಷ್ಟೇ ಅದರ ಕೆಲಸ. ನಮ್ಮ ಕಡೆಯ ಚಳಿಗೆ ಅಷ್ಟೇ ಮುಕ್ಕಾಲು ಪಾಲು ಪರಿಹಾರ. ಹಾಸನದ ಕಡೆ ಬೆಳಗ್ಗೆ 13-14 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ಮನೆ ಮುಂದೆ ನಿಂತು ಕಾಫಿ ಕುಡಿಯುವಾಗ ಅದೇನು ದೊಡ್ಡ ಚಳಿಯಲ್ಲ. ಅದೇ ಚಳಿಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಇಪ್ಪತ್ತು ನಿಮಿಷಕ್ಕೆ ಬೆರಳು ಮಾತು ಕೇಳುವುದಿಲ್ಲ. ಚರ್ಮದ ಸುತ್ತ ನಮ್ಮದೇ ಮೈಶಾಖದ ತೆಳು ಗಾಳಿ ಇರುತ್ತದಲ್ಲ, ಅದನ್ನು ಎದುರುಗಾಳಿ ಹೊಡೆದುಕೊಂಡು ಹೋಗುತ್ತಲೇ ಇರುತ್ತದೆ. ಹವಾಮಾನದವರು ಬಳಸುವ ಲೆಕ್ಕದ ಪ್ರಕಾರ 10 ಡಿಗ್ರಿ ಇದ್ದಾಗ 60ರ ವೇಗದ ಗಾಳಿಗೆ ಮೈಯೊಡ್ಡಿದರೆ ಸುಮಾರು 5 ಡಿಗ್ರಿಯ ಅನುಭವ. 5 ಡಿಗ್ರಿ ಇದ್ದರೆ ಸೊನ್ನೆಗಿಂತ 2 ಡಿಗ್ರಿ ಕೆಳಗಿನ ಅನುಭವ. ಅದು ಮುಖಕ್ಕೆ ಅಂತ ಮಾಡಿದ ಲೆಕ್ಕ. ಬೆರಳುಗಳ ಪಾಡು ಇನ್ನೂ ಕಷ್ಟ, ಯಾಕೆಂದರೆ ಚಳಿ ಅಂತ ಗೊತ್ತಾದ ಕೂಡಲೇ ದೇಹ ಮೊದಲು ರಕ್ತ ಕಡಿಮೆ ಮಾಡುವುದೇ ಬೆರಳಿಗೆ.

ಇದರ ಜೊತೆಗೆ ನಿಮ್ಮ ದಾರಿಯಲ್ಲಿ ಮಂಜು ಬೇರೆ. ಸಕಲೇಶಪುರ ಹತ್ತಿರವಾದ ಹಾಗೆ ಗ್ಲೌಸ್ ಮೇಲೆ ಸಣ್ಣ ಸಣ್ಣ ಹನಿ ಕೂರುವುದನ್ನು ನೋಡಿರುತ್ತೀರಿ. ಬಟ್ಟೆಯ ಗ್ಲೌಸ್ ಆದರೆ ಆ ಹನಿ ಒಳಗೆ ಇಳಿಯುತ್ತದೆ. ಗಾಳಿಗೆ ಆ ನೀರು ಆರುತ್ತಾ ಬೆರಳಿನ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಒಳ್ಳೆ ಗ್ಲೌಸ್ ಇದ್ದೂ ಕೈ ಕೊರೆಯುತ್ತದೆ ಅನ್ನುವವರ ಗ್ಲೌಸ್ ಮುಟ್ಟಿ ನೋಡಿ, ಬೆರಳಿನ ತುದಿ ಒದ್ದೆಯಾಗಿರುತ್ತದೆ. ಗಾರ್ಡ್ ಹಾಕಿದ ಮೇಲೆ ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ. ಕೈ ಬಿಸಿಯೇನೂ ಆಗಲಿಲ್ಲ, ಆದರೆ ಗ್ಲೌಸ್ ಒಣಗಿಯೇ ಇರುತ್ತದೆ.

ಹಾಗಾಗಿ ಅಂಗಡಿಗೆ ಹೋದಾಗ ಗಾರ್ಡ್ ಎಷ್ಟು ಗಟ್ಟಿ ಅಂತ ಮೊದಲು ನೋಡಬೇಡಿ, ಎಷ್ಟು ಅಗಲ ಅಂತ ನೋಡಿ. ಸಿಗುವುದು ಮುಖ್ಯವಾಗಿ ಎರಡು ಥರ. ಒಂದು, ಪೂರ್ತಿ ಪ್ಲಾಸ್ಟಿಕ್ಕಿನದು. ಹ್ಯಾಂಡಲ್‌ಗೆ ಒಳಗಡೆ ಒಂದೇ ಕಡೆ ಕ್ಲ್ಯಾಂಪ್ ಆಗುತ್ತದೆ, ಹೊರ ತುದಿ ಗಾಳಿಯಲ್ಲಿರುತ್ತದೆ. ಇನ್ನೊಂದು, ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವುದು. ಒಂದು ತುದಿ ಹ್ಯಾಂಡಲ್ ಮೇಲೆ, ಇನ್ನೊಂದು ತುದಿ ಬಾರ್ ಎಂಡ್, ಅಂದ್ರೆ ಹ್ಯಾಂಡಲಿನ ಕೊನೆಯ ಜಾಗದಲ್ಲಿ ಕೂರುತ್ತದೆ. ಬಿದ್ದಾಗ ಕ್ಲಚ್, ಬ್ರೇಕ್ ಲಿವರ್ ಉಳಿಸುವುದು ಈ ಎರಡನೆಯದು. ಎಸ್ಟೇಟ್ ದಾರಿಯಲ್ಲಿ ಲಂಟಾನದ ಕೊಂಬೆ ಬೆರಳಿಗೆ ಬಡಿಯುವುದನ್ನೂ ಅದು ಚೆನ್ನಾಗಿ ತಡೆಯುತ್ತದೆ. ಆದರೆ ಸುಮಾರು ಮಾಡೆಲ್‌ಗಳಲ್ಲಿ ಪಟ್ಟಿ ದಪ್ಪ, ಮುಂದಿನ ಪ್ಲಾಸ್ಟಿಕ್ ಮಾತ್ರ ಅಂಗೈ ಅಗಲವೂ ಇರುವುದಿಲ್ಲ. ನೋಡಲು ಗತ್ತಾಗಿರುತ್ತದೆ, ಚಳಿಗೆ ಏನೂ ಸಾಲದು. ಬೈಕ್ ಮುಂದೆ ನಿಂತು ನೋಡಿದರೆ ಗ್ರಿಪ್ ಹಿಡಿದ ಮುಷ್ಟಿಯ ನಾಲ್ಕು ಬೆರಳೂ ಮುಚ್ಚಿಹೋಗಬೇಕು. ಅದು ಸರಿಯಾದ ಅಳತೆ.

ಪ್ಲಾಸ್ಟಿಕ್ ಬಗ್ಗಿಸಿದರೆ ಬಗ್ಗಿ ವಾಪಸ್ ಬರುವಂಥದ್ದಿರಲಿ. ಗಾಜಿನ ಹಾಗೆ ಟಕ್ ಅನ್ನುವ ಪ್ಲಾಸ್ಟಿಕ್ ಮೊದಲ ಸಲ ಬೈಕ್ ಬಿದ್ದಾಗಲೇ ಚೂರಾಗುತ್ತದೆ. ಎಲ್‌ಇಡಿ ದೀಪ ಇರುವ ಗಾರ್ಡ್‌ಗಳೂ ಬರುತ್ತವೆ. ನನ್ನ ಮಟ್ಟಿಗೆ ಅವು ಬೇಡ. ಮಂಜಿನಲ್ಲಿ ಎದುರಿನವರಿಗೆ ತೊಂದರೆ, ಜೊತೆಗೆ ಸುಮ್ನೆ ವೈರಿಂಗ್ ತಲೆನೋವು. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರೋಡಿನಲ್ಲಿ ಕೈಯಲ್ಲಿ ಹಿಡಿದು, ಬೈಕಿಗೆ ಇಟ್ಟು ನೋಡಿ ತರಬಹುದು. ಆನ್‌ಲೈನಿನಲ್ಲಿ ತರಿಸುವುದಾದರೆ ನಿಮ್ಮ ಬೈಕಿಗೇ ಅಂತ ಮಾಡಿದ ಕಿಟ್ ಇದ್ದರೆ ಅದೇ ಒಳ್ಳೆಯದು. ಎಕ್ಸ್‌ಪಲ್ಸ್ 200, ಕೆಟಿಎಂ 390 ಅಡ್ವೆಂಚರ್ ಥರದ ಬೈಕ್‌ಗಳಿಗೆ ಕಂಪನಿಯಿಂದಲೇ ಬಂದಿರುತ್ತದೆ, ಅವರಿಗೆ ಈ ಪ್ರಶ್ನೆಯೇ ಇಲ್ಲ.

ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಹ್ಯಾಂಡಲ್ ಪೈಪಿನ ದಪ್ಪ ನಮ್ಮ ಹೆಚ್ಚಿನ ಬೈಕ್‌ಗಳಲ್ಲಿ 22 ಮಿಲಿಮೀಟರ್. ಕೆಲವು ಬೈಕ್‌ಗಳಲ್ಲಿ ನಡುವೆ 28 ಮಿಲಿಮೀಟರ್‌ನಷ್ಟು ದಪ್ಪವಿದ್ದು ಗ್ರಿಪ್ ಹತ್ತಿರ ಸಣ್ಣದಾಗುತ್ತದೆ. ಕ್ಲ್ಯಾಂಪ್ ಕೂರುವ ಜಾಗದಲ್ಲೇ ಅಳೆಯಿರಿ. ಎರಡನೆಯದು, ನಿಮ್ಮದು ಒಂದೇ ಉದ್ದನೆಯ ಪೈಪಿನ ಹ್ಯಾಂಡಲ್ಲಾ, ಇಲ್ಲ ಎಡ-ಬಲ ಬೇರೆ ಬೇರೆಯಾಗಿ ಫೋರ್ಕಿಗೆ ಕೂತಿರುವ ಕ್ಲಿಪ್ ಆನ್ ಥರದ್ದಾ? ಕ್ಲಿಪ್ ಆನ್ ಆದರೆ ಜಾಗ ಸಾಲುವುದಿಲ್ಲ. ಹ್ಯಾಂಡಲ್ ತಿರುಗಿಸಿದಾಗ ಗಾರ್ಡ್ ಟ್ಯಾಂಕಿಗೋ ಮುಂದಿನ ಫೇರಿಂಗಿಗೋ ಬಡಿಯುತ್ತದೆ. ಅಂಥ ಬೈಕಿಗೆ ಗಾರ್ಡ್ ಆಸೆ ಬಿಡುವುದೇ ಒಳ್ಳೆಯದು.

ಫಿಟಿಂಗ್ ಮನೆಯಲ್ಲೇ ಆರಾಮಾಗಿ ಮಾಡಬಹುದು. ಅಲೆನ್ ಕೀ ಸೆಟ್, ಒಂದು ಒಳ್ಳೆ ಸ್ಟಾರ್ ಸ್ಕ್ರೂಡ್ರೈವರ್, ಸ್ಪ್ಯಾನರ್, ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಇದ್ದರೆ ಸಾಕು. ಭಾನುವಾರ ಬೆಳಗಿನ ಕೆಲಸ. ಸತಾಯಿಸುವುದು ಒಂದೇ ಒಂದು: ಹಳೇ ಬಾರ್ ಎಂಡ್ ಬಿಚ್ಚುವುದು. ಹ್ಯಾಂಡಲಿನ ತುದಿಯಲ್ಲಿ ಕಬ್ಬಿಣದ ಗುಂಡು ತೂಕ ಇರುತ್ತದಲ್ಲ, ಅದರ ಸ್ಕ್ರೂ ಕಂಪನಿಯಲ್ಲಿ ಗಟ್ಟಿಯಾಗಿ ಕೂರಿಸಿರುತ್ತಾರೆ. ಮಳೆಗಾಲ ಕಂಡಿದ್ದರೆ ತುಕ್ಕೂ ಹಿಡಿದಿರುತ್ತದೆ. ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ದುಂಡಗಾಗುತ್ತದೆ. ಆಮೇಲೆ ಗ್ಯಾರೇಜೇ ಗತಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಗ್ಗೆ ಸ್ಕ್ರೂಡ್ರೈವರ್ ಸರಿಯಾಗಿ ಕೂರಿಸಿ, ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಟ್ಟು, ಒತ್ತಿ ಹಿಡಿದೇ ತಿರುಗಿಸಿ. ಆಗಲೂ ಬರಲಿಲ್ಲ ಅಂದ್ರೆ ಹಠ ಬೇಡ, ಮೆಕ್ಯಾನಿಕ್ ಹತ್ತಿರ ಇಂಪ್ಯಾಕ್ಟ್ ಡ್ರೈವರ್ ಇರುತ್ತದೆ, ಒಂದು ನಿಮಿಷದ ಕೆಲಸ.

ಆ ತೂಕ ಸುಮ್ನೆ ಚಂದಕ್ಕೆ ಇಟ್ಟಿರುವುದಲ್ಲ, ಹ್ಯಾಂಡಲಿನ ನಡುಕ ಕಡಿಮೆ ಮಾಡುವುದಕ್ಕೆ. ಅದನ್ನು ತೆಗೆದು ಹಗುರವಾದ ಗಾರ್ಡ್ ಹಾಕಿದರೆ ಒಂಟಿ ಸಿಲಿಂಡರ್ ಬೈಕಿನಲ್ಲಿ ಅಂಗೈಗೆ ಜುಮ್ ಅನ್ನುವುದು ಜಾಸ್ತಿಯಾಗಬಹುದು. ಚಳಿಯ ಬದಲು ನಡುಕದಿಂದ ಕೈ ಜೋಮು ಹಿಡಿದರೆ ಏನು ಬಂತು? ಹಳೇ ತೂಕವನ್ನು ಹಾಗೇ ಉಳಿಸಿಕೊಂಡು ಉದ್ದ ಬೋಲ್ಟ್ ಹಾಕಲು ಬರುವ ಕಿಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪೈಪಿನ ಒಳಗೆ ಥ್ರೆಡ್ ಇಲ್ಲದ ಬೈಕ್‌ಗಳಿಗೆ ರಬ್ಬರ್ ಬುಷ್ ಬರುತ್ತದೆ. ಬೋಲ್ಟ್ ಬಿಗಿ ಮಾಡಿದ ಹಾಗೆ ಅದು ಒಳಗೆ ಉಬ್ಬಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಪೈಪಿನ ಒಳಗಿನ ಎಣ್ಣೆ, ಗ್ರೀಸ್ ಚೆನ್ನಾಗಿ ಒರೆಸಿರಬೇಕು, ಇಲ್ಲವಾದರೆ ಜಾರುತ್ತದೆ.

ಮೊದಲು ಎಲ್ಲ ಬೋಲ್ಟನ್ನೂ ಬೆರಳಲ್ಲೇ ತಿರುಗಿಸಿ ಸಡಿಲವಾಗಿ ಕೂರಿಸಿ. ಬೈಕ್ ಮೇಲೆ ಕೂತು, ನೀವು ದಿನಾ ಹಾಕುವ ಗ್ಲೌಸ್ ಹಾಕಿಕೊಂಡೇ ಗಾರ್ಡ್ ಎತ್ತರ ಹೊಂದಿಸಿ. ಲಿವರ್ ಪೂರ್ತಿ ಬಿಟ್ಟಾಗ ಬೆರಳಿನ ಗೆಣ್ಣು ಗಾರ್ಡಿಗೆ ತಾಗಬಾರದು. ಕ್ಲ್ಯಾಂಪ್ ಎಲ್ಲಿ ಕೂರಿಸುವುದು ಅನ್ನುವುದು ಸ್ವಲ್ಪ ಜಗಳದ ವಿಷಯ. ಎಡಗಡೆ ಕ್ಲಚ್ ಕೇಬಲ್ ಬಂದು ಸೇರುವ ಜಾಗ, ಬಲಗಡೆ ಬ್ರೇಕ್ ಆಯಿಲ್ ಡಬ್ಬಿ ಮತ್ತು ಅದರ ಹೋಸ್ ಅಡ್ಡ ಬರುತ್ತವೆ. ಕೇಬಲ್ ಗಾರ್ಡಿನ ಮೇಲಿಂದಲೋ ಕೆಳಗಿಂದಲೋ ಸಲೀಸಾಗಿ ಹೋಗಬೇಕು. ಎಲ್ಲೂ ಮಡಚಬಾರದು, ಬ್ರೇಕ್ ಹೋಸ್ ಲೋಹಕ್ಕೆ ಉಜ್ಜಬಾರದು. ಅಲ್ಯೂಮಿನಿಯಂ ಪಟ್ಟಿ ಸ್ವಲ್ಪ ವ್ಯತ್ಯಾಸ ಬಂದರೆ ಕೈಯಲ್ಲೇ ನಿಧಾನವಾಗಿ ಬಗ್ಗಿಸಬಹುದು. ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಕೂರಬೇಡಿ, ಬಿರುಕು ಬಿಡುತ್ತದೆ. ಕನ್ನಡಿಯ ಬುಡಕ್ಕೆ ಕೂರುವ ಸಾದಾ ಗಾರ್ಡ್ ಆದರೆ ಕನ್ನಡಿ ಬಿಚ್ಚಬೇಕು. ಯಮಹಾದ ಹಲವು ಬೈಕ್‌ಗಳಲ್ಲಿ ಬಲಗಡೆ ಕನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ, ಅದೊಂದು ನೆನಪಿರಲಿ.

ಈಗ ಆಕ್ಸಿಲರೇಟರ್. ಉಳಿದದ್ದೆಲ್ಲ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ, ಇದರಲ್ಲಿ ಮಾತ್ರ ಇಲ್ಲ. ಬಲಗಡೆ ಗ್ರಿಪ್ ಪೈಪಿನ ಮೇಲೆ ತಿರುಗುವ ಭಾಗ. ಗಾರ್ಡಿನ ಹೊರ ತುದಿ ಗ್ರಿಪ್ ರಬ್ಬರಿಗೆ ಒತ್ತಿಕೊಂಡರೆ ಆಕ್ಸಿಲರೇಟರ್ ಕೊಟ್ಟಲ್ಲೇ ನಿಂತುಬಿಡುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಹಾಗಾದರೆ ಗತಿ ಏನು ಯೋಚಿಸಿ. ಗ್ರಿಪ್ಪಿಗೂ ಗಾರ್ಡಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ನಡುವೆ ವಾಷರ್ ಹಾಕಿ. ಇಂಜಿನ್ ಆಫ್ ಇಟ್ಟು ಪೂರ್ತಿ ತಿರುಗಿಸಿ ಕೈ ಬಿಡಿ. ಟಪ್ ಅಂತ ತಾನಾಗಿ ವಾಪಸ್ ಬರಬೇಕು. ಹ್ಯಾಂಡಲ್ ನೇರ ಇಟ್ಟು ಒಮ್ಮೆ, ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಪೂರ್ತಿ ಬಲಕ್ಕೆ ಒಮ್ಮೆ ಹೀಗೇ ಮಾಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ಆ ಕಡೆಯಿಂದ ಈ ಕಡೆಗೆ ಪೂರ್ತಿ ತಿರುಗಿಸಿ. ಇಂಜಿನ್ ಶಬ್ದ ಒಂದೇ ಸಮನೆ ಇರಬೇಕು. ತಿರುಗಿಸಿದಾಗ ಏರಿದರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಕೂರಿಸಿ. ಗ್ಯಾರೇಜಿನಲ್ಲಿ ಹಾಕಿಸಿದರೂ ಅಲ್ಲೇ ನಿಂತು ಇಷ್ಟನ್ನೂ ನೀವೇ ನೋಡಿ. ಹುಡುಗರು ಅರ್ಜೆಂಟಿನಲ್ಲಿ ಬೋಲ್ಟ್ ಬಿಗಿದು ಕಳಿಸಿಬಿಡುತ್ತಾರೆ.

ಎಲ್ಲ ಸರಿ ಕಂಡ ಮೇಲೆ ಬೋಲ್ಟ್‌ಗಳಿಗೆ ಒಂದೊಂದು ಹನಿ ಥ್ರೆಡ್ ಲಾಕರ್ ಬಿಟ್ಟು ಬಿಗಿ ಮಾಡಿ. ಆ ಲಾಕರ್ ಪ್ಲಾಸ್ಟಿಕ್ಕಿಗೆ ತಾಗಬಾರದು, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ. ಬೋಲ್ಟ್ ಸಣ್ಣವು, ಶಕ್ತಿ ಎಲ್ಲ ಹಾಕಬೇಡಿ. ಒಂದೆರಡು ದಿನ ಓಡಿಸಿದ ಮೇಲೆ ಮತ್ತೆ ಒಮ್ಮೆ ಕೀ ಹಾಕಿ ನೋಡಿ. ದೊಡ್ಡ ಗಾರ್ಡ್ ಗಾಳಿ ಹಿಡಿಯುತ್ತದೆ. ಮೊದಲ ದಿನ ಖಾಲಿ ರಸ್ತೆಯಲ್ಲಿ ವೇಗವನ್ನು ನಿಧಾನವಾಗಿ ಏರಿಸಿ, ಹ್ಯಾಂಡಲ್ ಅಲುಗಾಡುತ್ತದಾ ಗಮನಿಸಿ. ಹಗುರವಾದ ಬೈಕ್‌ಗಳಲ್ಲಿ ಲಾರಿ ಎದುರಾದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ದುಡ್ಡು ಖರ್ಚು ಮಾಡುವ ಮುಂಚೆ ಪರೀಕ್ಷೆ ಮಾಡಬೇಕಾ? ಐದು ಲೀಟರಿನ ಎಣ್ಣೆ ಕ್ಯಾನ್ ಒಂದನ್ನು ತೊಳೆದು, ಬೆರಳು ಮುಚ್ಚುವಷ್ಟು ತುಂಡು ಕತ್ತರಿಸಿ, ಕನ್ನಡಿಯ ಕಡ್ಡಿಗೆ ಎರಡು ಕಡೆ ಕೇಬಲ್ ಟೈ ಹಾಕಿ ಕಟ್ಟಿ. ಲಿವರ್, ಕೇಬಲ್ ಏನಕ್ಕೂ ತಾಗದ ಹಾಗೆ ನೋಡಿಕೊಂಡು ಊರೊಳಗೆ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ನೋಡಿದವರು ನಗುತ್ತಾರೆ, ನಗಲಿ. ನಿಮ್ಮ ಕೈಗೆ ಎಷ್ಟು ಅಗಲ ಬೇಕು ಅಂತ ಅದರಲ್ಲೇ ಗೊತ್ತಾಗುತ್ತದೆ.

ಗಾರ್ಡ್ ಹಾಕಿದ ಮೇಲೂ ಚಳಿ ಅನಿಸಿದರೆ ಗ್ಲೌಸ್ ಬಿಗಿಯಾಗಿದೆಯಾ ನೋಡಿ. ಬಿಗಿ ಗ್ಲೌಸ್ ರಕ್ತ ಓಡಾಡಲು ಬಿಡುವುದಿಲ್ಲ, ಎಷ್ಟು ದಪ್ಪವಿದ್ದರೂ ದಂಡ. ಒಳಗೆ ಒಂದು ತೆಳು ಉಲನ್ ಗ್ಲೌಸ್ ಹಿಡಿಯುವಷ್ಟು ಜಾಗವಿರಬೇಕು. ಮಣಿಕಟ್ಟಿನ ಹತ್ತಿರ ಜಾಕೆಟ್ ತೋಳಿಗೂ ಗ್ಲೌಸಿಗೂ ಸಂದು ಬಿಡಬೇಡಿ. ಎದೆ ಬೆಚ್ಚಗಿದ್ದರೆ ಬೆರಳಿಗೂ ರಕ್ತ ಬರುತ್ತದೆ. ಜಾಕೆಟ್ ಒಳಗೆ ಎರಡು ಮಡಿಕೆ ನ್ಯೂಸ್ ಪೇಪರ್ ಇಟ್ಟುಕೊಳ್ಳುವ ಹಳೇ ಉಪಾಯ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಲಡಾಖ್ ಬೇರೆಯೇ ಲೆಕ್ಕ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ. ಲಡಾಖಿನ ಖಾರ್ದುಂಗ್ ಲಾ ಘಾಟಿ 5,359 ಮೀಟರ್. ಬೇಸಿಗೆಯಲ್ಲೂ ಅಲ್ಲಿ ಹಿಮ ಬೀಳುತ್ತದೆ. ಅಲ್ಲಿ ಬರೀ ಗಾರ್ಡ್ ಸಾಲದು, ಶಾಖ ಬೇಕಾಗುತ್ತದೆ. ಹೀಟೆಡ್ ಗ್ರಿಪ್ ಹಾಕಿಸಬಹುದು. ಅದಕ್ಕೆ ಸಾಮಾನ್ಯವಾಗಿ 30-40 ವ್ಯಾಟ್ ಕರೆಂಟ್ ಬೇಕು. ಕೀ ಆಫ್ ಮಾಡಿದರೆ ಅದೂ ಆಫ್ ಆಗುವ ಹಾಗೆ ರಿಲೇ ಹಾಕಿಸಿ, ಇಲ್ಲದಿದ್ದರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ. ಇನ್ನೊಂದು ದಾರಿ ಹ್ಯಾಂಡಲ್ ಮಫ್, ಅಂದ್ರೆ ಗ್ರಿಪ್ಪಿಗೇ ತೊಡಿಸಿ ಕೈ ಒಳಗೆ ತೂರಿಸುವ ದಪ್ಪ ಚೀಲ. ಗಾರ್ಡಿಗಿಂತ ಎಷ್ಟೋ ಬೆಚ್ಚಗೆ, ಬೆಲೆಯೂ ಕಡಿಮೆ. ಆದರೆ ಒಳಗಿನ ಸ್ವಿಚ್ ಕಣ್ಣಿಗೆ ಕಾಣುವುದಿಲ್ಲ, ಬಿದ್ದರೆ ಕೈ ಬೇಗ ಹೊರಗೆ ಬರುವುದಿಲ್ಲ. ಕಲ್ಲು, ನೀರು ತುಂಬಿದ ಅಲ್ಲಿನ ದಾರಿಯಲ್ಲಿ ನಾನಾದರೆ ಮಫ್ ಹಾಕಲ್ಲ. ಪಟ್ಟಿ ಇರುವ ಅಗಲವಾದ ಗಾರ್ಡ್, ಹೀಟೆಡ್ ಗ್ರಿಪ್, ನೀರು ಇಳಿಯದ ಗ್ಲೌಸ್ ಎರಡು ಜೊತೆ. ಒಂದು ಜೊತೆ ತೊರೆ ದಾಟುವಾಗ ಹೇಗೂ ಒದ್ದೆಯಾಗುತ್ತದೆ. ಗಾರ್ಡ್ ಇದೆ ಅಂತ ಹೆಚ್ಚುವರಿ ಕ್ಲಚ್ ಲಿವರ್, ಕ್ಲಚ್ ಕೇಬಲ್ ಬಿಟ್ಟು ಹೋಗಬೇಡಿ, ಮನಾಲಿ ದಾಟಿದರೆ ಲೇಹ್ ತನಕ ನಿಮ್ಮ ಬೈಕಿನ ಲಿವರ್ ಸಿಗುವ ಅಂಗಡಿ ಹುಡುಕುವುದು ಕಷ್ಟ.