ಸೆನ್ಸೆಕ್ಸ್ ಲೆಕ್ಕ ಹೇಗೆ ಹಾಕುತ್ತಾರೆ? ನನ್ನ ಷೇರುಗಳಿಂದ ವರ್ಷಕ್ಕೆ ಶೇ. 15 ಲಾಭ ನಿರೀಕ್ಷಿಸಬಹುದಾ?

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆ ಇವೆ. ಟಿವಿಯಲ್ಲಿ ಸೆನ್ಸೆಕ್ಸ್ ಇಷ್ಟು ಸಾವಿರ ಅಂತಾರಲ್ಲ, ಆ ಅಂಕಿ ಎಲ್ಲಿಂದ ಬರುತ್ತದೆ ಅನ್ನೋದು ಒಂದು. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೀರಿ, ನಾಲ್ಕು ಐಟಿ ಕಂಪನಿಗಳ ಷೇರಿನಲ್ಲಿ 5 ಲಕ್ಷ ಹಾಕಿದ್ದೀರಿ, ಇದರಲ್ಲಿ ಅಪಾಯ ಎಷ್ಟು ಅನ್ನೋದು ಎರಡನೆಯದು. 15 ವರ್ಷ ಬಿಟ್ಟು ಮಗಳ ಓದಿಗೆ ಈ ಹಣ ಬೇಕು, ಪರಿಚಯದವರೊಬ್ಬರು ವರ್ಷಕ್ಕೆ ಶೇ. 15ರಂತೆ 40 ಲಕ್ಷ ಆಗುತ್ತದೆ ಅಂದಿದ್ದಾರೆ, ನಂಬಬಹುದಾ ಅನ್ನೋದು ಮೂರನೆಯದು.

ಮೂರನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಆ ಒಂದೇ ಅಂಕಿಯನ್ನು ನಂಬಿಕೊಂಡು ಕೂರಬೇಡಿ. ಅವರ ಗುಣಾಕಾರ ಸರಿಯಾಗಿಯೇ ಇದೆ, 5 ಲಕ್ಷ ಶೇ. 15ರಂತೆ 15 ವರ್ಷ ಬೆಳೆದರೆ 40.7 ಲಕ್ಷ ಆಗುತ್ತದೆ. ಆದರೆ ಲಾಭದ ಅಂಕಿ ಬರೆದ ಸಾಲಿನಲ್ಲೇ ಅದು ಎಷ್ಟು ಏರಿಳಿಯಬಹುದು ಅನ್ನೋ ಅಂಕಿಯನ್ನೂ ಬರೆಯಬೇಕಿತ್ತು. ಇಪ್ಪತ್ತು ವರ್ಷದಿಂದ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಆ ಎರಡನೇ ಅಂಕಿ ಇಲ್ಲದ ಕಾಗದ ಕಂಡರೆ ನನಗೆ ಸಂಕಟ ಆಗುತ್ತದೆ, ಯಾಕಂದರೆ ಅದನ್ನು ನೋಡಿಯೇ ಜನ ಮಕ್ಕಳ ಓದಿನ ಹಣ ಇಡುತ್ತಾರೆ.

ಸೂಚ್ಯಂಕದಿಂದ, ಅಂದರೆ ಪೇಟೆಯ ಒಟ್ಟು ಏರಿಳಿತ ತೋರಿಸುವ ಸೆನ್ಸೆಕ್ಸ್‌ನಂಥ ಅಂಕಿಯಿಂದ, ಶುರು ಮಾಡೋಣ. ಪೆನ್ಸಿಲ್ ಹಿಡಿದು ಒಂದು ಸಲ ನೀವೇ ಮಾಡಿ ನೋಡಿ, ಆಮೇಲೆ ಟಿವಿ ಅಂಕಿ ಬೇರೆ ಥರ ಕಾಣುತ್ತದೆ. ಪೇಟೆಯಲ್ಲಿ ಎರಡೇ ಕಂಪನಿ ಇವೆ ಅಂದುಕೊಳ್ಳಿ. ಮೊದಲನೆಯದಕ್ಕೆ 10 ಲಕ್ಷ ಷೇರು, ಒಂದಕ್ಕೆ 100 ರೂಪಾಯಿ. ಒಟ್ಟು 10 ಕೋಟಿ. ಅದರಲ್ಲಿ ಶೇ. 60 ಕಂಪನಿ ಕಟ್ಟಿದವರ ಮನೆಯಲ್ಲೇ ಇದೆ, ಮಾರಾಟಕ್ಕೆ ಬರಲ್ಲ. ಪೇಟೆಯಲ್ಲಿ ಕೈ ಬದಲಾಗುವ ಪಾಲು 4 ಕೋಟಿ ಮಾತ್ರ. ಎರಡನೆಯದಕ್ಕೆ 5 ಲಕ್ಷ ಷೇರು, ಒಂದಕ್ಕೆ 400 ರೂಪಾಯಿ, ಒಟ್ಟು 20 ಕೋಟಿ. ಇದರಲ್ಲಿ ಹೊರಗಿರುವುದು ಶೇ. 30, ಅಂದರೆ 6 ಕೋಟಿ. ಹೀಗೆ ಹೊರಗಿರುವ ಪಾಲಿಗೆ ಫ್ರೀ ಫ್ಲೋಟ್ ಅಂತಾರೆ. 4 ಮತ್ತು 6 ಸೇರಿ 10 ಕೋಟಿ. ಈ ದಿನವನ್ನು 100 ಅಂತ ಕರೆಯೋಣ. ಹಾಗಾದರೆ ಸೂಚ್ಯಂಕದ ಒಂದು ಅಂಶಕ್ಕೆ (ಪಾಯಿಂಟ್) 10 ಲಕ್ಷ ರೂಪಾಯಿ. ಈ 10 ಲಕ್ಷವೇ ಭಾಜಕ.

ಮರುದಿನ ಮೊದಲ ಷೇರು 110ಕ್ಕೆ ಏರಿತು, ಎರಡನೆಯದು 380ಕ್ಕೆ ಇಳಿಯಿತು. ಈಗ 4.4 ಕೋಟಿ ಮತ್ತು 5.7 ಕೋಟಿ, ಒಟ್ಟು 10.1 ಕೋಟಿ. 10 ಲಕ್ಷದಿಂದ ಭಾಗಿಸಿ, 101 ಬಂತು. ಸೂಚ್ಯಂಕ ಶೇ. 1 ಏರಿದೆ. ಮುಂಬೈ ಷೇರು ಪೇಟೆಯ ಸೆನ್ಸೆಕ್ಸ್‌ನಲ್ಲಿ ಎರಡರ ಬದಲು 30 ಕಂಪನಿ, ರಾಷ್ಟ್ರೀಯ ಷೇರು ಪೇಟೆ ಎನ್‌ಎಸ್‌ಇಯ ಸೂಚ್ಯಂಕ ನಿಫ್ಟಿಯಲ್ಲಿ 50. ಲೆಕ್ಕದ ಜೀವ ಇದೇ. ಸೆನ್ಸೆಕ್ಸ್‌ಗೆ 1978–79ನೇ ಇಸವಿ 100, ನಿಫ್ಟಿಗೆ 1995ರ ನವೆಂಬರ್ 3 ಅನ್ನೋದು 1000. 2025ರ ಮಾರ್ಚ್ ಕೊನೆಗೆ ಸೆನ್ಸೆಕ್ಸ್ 77 ಸಾವಿರ ಇತ್ತು ಅಂದರೆ ಅದು ರೂಪಾಯಿ ಅಲ್ಲ, 1978–79ರ 100 ಅಷ್ಟು ಹೊತ್ತಿಗೆ 77 ಸಾವಿರ ಆಗಿತ್ತು ಅಂತ ಅರ್ಥ.

ಅದೇ ಎರಡು ಷೇರನ್ನು ಅಮೆರಿಕದ ಡೌ ಜೋನ್ಸ್ ರೀತಿಯಲ್ಲಿ ಲೆಕ್ಕ ಹಾಕಿ. 1896ರಿಂದ ನಡೆದು ಬಂದ ಆ ಸೂಚ್ಯಂಕ ಕಂಪನಿಯ ಗಾತ್ರ ನೋಡಲ್ಲ, ಷೇರಿನ ಬೆಲೆಗಳನ್ನು ಸುಮ್ನೆ ಕೂಡಿಸುತ್ತದೆ. ಮೊದಲ ದಿನ 100 ಮತ್ತು 400, ಒಟ್ಟು 500. ಮರುದಿನ 110 ಮತ್ತು 380, ಒಟ್ಟು 490. ಶೇ. 2 ಇಳಿಕೆ! ಅದೇ ಪೇಟೆ, ಅದೇ ದಿನ, ಒಂದು ಸೂಚ್ಯಂಕ ಏರಿದೆ, ಇನ್ನೊಂದು ಇಳಿದಿದೆ. ಹಾಗಾಗಿ ಸೂಚ್ಯಂಕ ಅನ್ನೋದು ಪೇಟೆಯ ಒಂದು ನೋಟ. ಯಾರು ಯಾವ ತೂಕ ಕೊಟ್ಟರು ಅನ್ನೋದು ಅದರೊಳಗೇ ಕೂತಿರುತ್ತದೆ.

ಸೂಚ್ಯಂಕದೊಳಗಿನ ಕಂಪನಿ ಬದಲಾದಾಗ ಏನು ಮಾಡುತ್ತಾರೆ ಅನ್ನೋದನ್ನೂ ನೋಡೋಣ. ಎರಡನೆಯದನ್ನು ತೆಗೆದು 8 ಕೋಟಿ ಫ್ರೀ ಫ್ಲೋಟ್ ಇರುವ ಹೊಸದನ್ನು ತಂದರೆ ಒಟ್ಟು 12.4 ಕೋಟಿ ಆಗುತ್ತದೆ. ಹಳೆಯ ಭಾಜಕ ಇಟ್ಟರೆ ಸೂಚ್ಯಂಕ ಒಮ್ಮೆಲೇ 124ಕ್ಕೆ ಹಾರುತ್ತದೆ, ಯಾರಿಗೂ ಒಂದು ಪೈಸೆ ಲಾಭ ಆಗದೆ. ಅದಕ್ಕೆ ಭಾಜಕವನ್ನೇ ಬದಲಿಸುತ್ತಾರೆ. 1240 ಲಕ್ಷವನ್ನು 101ರಿಂದ ಭಾಗಿಸಿದರೆ 12.28 ಲಕ್ಷ. ಅಲ್ಲಿಂದ ಮುಂದೆ ಅದೇ ಭಾಜಕ. ಸೂಚ್ಯಂಕ 101ರಲ್ಲೇ ನಿಂತು ಮುಂದೆ ಹೋಗುತ್ತದೆ.

ಇನ್ನೊಂದು ಮಾತು, ಅಂಶ ನೋಡಿ ಹೆದರಬೇಡಿ, ಶೇಕಡಾ ನೋಡಿ. 1992ರ ಏಪ್ರಿಲ್ 28ರಂದು, ಹರ್ಷದ್ ಮೆಹ್ತಾ ಹಗರಣದ ದಿನಗಳಲ್ಲಿ, ಸೆನ್ಸೆಕ್ಸ್ 570 ಅಂಶ ಬಿತ್ತು. 2020ರ ಮಾರ್ಚ್ 23ರಂದು, ಕೊರೊನಾ ಬಂದಾಗ, 3,935 ಅಂಶ. 2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನ, ಸುಮಾರು 4,390 ಅಂಶ. ಅಂಶ ನೋಡಿದರೆ ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಶೇಕಡಾದಲ್ಲಿ ಮೊದಲ ಎರಡೂ ಸುಮಾರು 13, ಕೊನೆಯದು 6 ಕೂಡ ಇಲ್ಲ.

ಈಗ ಆ ಶೇ. 15ಕ್ಕೆ ಬರೋಣ. ಅದು ಎಲ್ಲಿಂದ ಬಂತು ಅಂತ ಊಹಿಸಬಹುದು. 1979ರ ಸುಮಾರಿಗೆ 100 ಇದ್ದ ಸೆನ್ಸೆಕ್ಸ್ 2025ರ ಮಾರ್ಚ್ ಕೊನೆಗೆ 77,415. 46 ವರ್ಷಕ್ಕೆ ಚಕ್ರಬಡ್ಡಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 15.5. ಲೆಕ್ಕ ನಿಜ. ಆದರೆ ಶುರು ಮಾಡುವ ದಿನ ಬದಲಿಸಿ ನೋಡಿ. 2008ರ ಜನವರಿ 8ರಂದು ಸೆನ್ಸೆಕ್ಸ್ 20,873ರಲ್ಲಿ ಮುಗಿದಿತ್ತು. ಆ ದಿನ ಹಾಕಿದವರಿಗೆ ಅದೇ 2025ರ ಮಾರ್ಚ್‌ಗೆ ವರ್ಷಕ್ಕೆ ಶೇ. 8ಕ್ಕೆ ತುಸು ಕಡಿಮೆ. 14 ತಿಂಗಳು ಆದ ಮೇಲೆ, 2009ರ ಮಾರ್ಚ್ 9ರಂದು, ಅದು 8,160ಕ್ಕೆ ಕುಸಿದಿತ್ತು. ಅವತ್ತು ಹಾಕಿದವರಿಗೆ ಸುಮಾರು ಶೇ. 15. ಇಬ್ಬರೂ 16–17 ವರ್ಷ ತಾಳ್ಮೆಯಿಂದ ಕಾದವರೇ. ಶುರುವಿನ ದಿನ ಅಷ್ಟೇ ಬೇರೆ. ಒಬ್ಬರಿಗೆ ಬಂದದ್ದು ಹೆಚ್ಚುಕಡಿಮೆ ಎಫ್‌ಡಿ ಬಡ್ಡಿಯ ಅಕ್ಕಪಕ್ಕ, ಇನ್ನೊಬ್ಬರಿಗೆ ಅದರ ಎರಡರಷ್ಟು. ಕಂಪನಿಗಳು ಕೊಡುವ ಡಿವಿಡೆಂಡ್, ಅಂದರೆ ಲಾಭದ ಪಾಲು, ಇದರಲ್ಲಿ ಸೇರಿಲ್ಲ. ಅದು ಇನ್ನೊಂದು, ಒಂದೂವರೆ ಶೇಕಡಾ ಸೇರಿಸಬಹುದು. ಮ್ಯೂಚುವಲ್ ಫಂಡ್‌ಗಳು ತಮ್ಮನ್ನು ಡಿವಿಡೆಂಡ್ ಸೇರಿದ ಸೂಚ್ಯಂಕದ ಜೊತೆಗೇ ಹೋಲಿಸಿ ತೋರಿಸಬೇಕು ಅಂತ ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2018ರ ಫೆಬ್ರವರಿಯಿಂದ ಕಡ್ಡಾಯ ಮಾಡಿದ್ದು ಇದಕ್ಕೇ.

ಸರಾಸರಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ನಿಫ್ಟಿ 2008ರಲ್ಲಿ ಶೇ. 51.8 ಬಿತ್ತು, 2009ರಲ್ಲಿ ಶೇ. 75.8 ಏರಿತು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ವರ್ಷಕ್ಕೆ ಸರಾಸರಿ ಶೇ. 12 ಲಾಭ. ಆದರೆ 100 ರೂಪಾಯಿ ಹಾಕಿದ್ದವರ ಕೈಯಲ್ಲಿ ಮೊದಲ ವರ್ಷದ ಕೊನೆಗೆ ಉಳಿದದ್ದು 48 ರೂಪಾಯಿ 20 ಪೈಸೆ. ಅದು ಶೇ. 75.8 ಏರಿ 84 ರೂಪಾಯಿ 70 ಪೈಸೆ ಆಯಿತು. ಕಾಗದದ ಮೇಲೆ ಶೇ. 12 ಲಾಭ, ಜೇಬಿನಲ್ಲಿ 15 ರೂಪಾಯಿ ನಷ್ಟ. ವರ್ಷಕ್ಕೆ ಶೇ. 8ರಂತೆ ಕರಗಿದ ಹಾಗಾಯಿತು. ಯಾರೂ ಮೋಸ ಮಾಡಿಲ್ಲ. ಕೂಡಿಸುವ ಸರಾಸರಿ ಬೇರೆ, ಗುಣಿಸುತ್ತಾ ಹೋಗುವ ಬೆಳವಣಿಗೆ ಬೇರೆ. ಏರಿಳಿತ ಜಾಸ್ತಿ ಆದಷ್ಟೂ ಇವೆರಡರ ನಡುವಿನ ಕಂದಕ ದೊಡ್ಡದಾಗುತ್ತದೆ.

ಆ ಕಂದಕಕ್ಕೆ ಒಂದು ಸುಲಭ ಅಂದಾಜು ಇದೆ. ಏರಿಳಿತವನ್ನು ಅಳೆಯುವುದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ ಬಳಸುತ್ತಾರೆ, ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹೋಗುತ್ತದೆ ಅನ್ನೋದು. ಅದನ್ನು ಅದರಿಂದಲೇ ಗುಣಿಸಿ, ಅರ್ಧ ಮಾಡಿ, ಸರಾಸರಿಯಿಂದ ಕಳೆಯಿರಿ. ಮೇಲಿನ ಎರಡು ವರ್ಷದಲ್ಲಿ ಸರಾಸರಿ 12, ಎರಡೂ ಅದರಿಂದ 63.8 ದೂರ. 0.638 ಗುಣಿಸು 0.638 ಅಂದರೆ 0.407. ಅದರಲ್ಲಿ ಅರ್ಧ, ಸುಮಾರು ಶೇ. 20. ಹನ್ನೆರಡರಿಂದ ಇಪ್ಪತ್ತು ಕಳೆದರೆ ಮೈನಸ್ 8. ನಿಜವಾಗಿ ಆದದ್ದೂ ಅದೇ ಅಲ್ವಾ! ಈ ಲೆಕ್ಕ ಮೊದಲ ಸಲ ಕೂಡಿಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ನಿಮ್ಮ ನಾಲ್ಕು ಷೇರು. ನನಗೆ ಇಲ್ಲಿ ನಮ್ಮ ತೀರ್ಥಹಳ್ಳಿ ಕಡೆಯ ತೋಟವೇ ಕಣ್ಣಿಗೆ ಬರುತ್ತದೆ. ಅಡಿಕೆ ಮರಕ್ಕೆ ಅಪ್ಪ ಮೆಣಸಿನ ಬಳ್ಳಿ ಹಬ್ಬಿಸಿದ್ದರು. ಒಂದು ಕೈ ಕೊಟ್ಟರೆ ಇನ್ನೊಂದು ಕಾಯುತ್ತದೆ ಅಂತ. ಬೆಲೆ ಬಿದ್ದ ವರ್ಷಗಳಲ್ಲಿ ಕಾದದ್ದೂ ಉಂಟು. ಆದರೆ ಮಳೆ ಹಿಡಿದು ಬಿಡದ ಒಂದು ಆಷಾಢದಲ್ಲಿ ಅಡಿಕೆಗೆ ಕೊಳೆ ಬಂತು, ಬೋರ್ಡೋ ದ್ರಾವಣ ಹೊಡೆಯೋಣ ಅಂದರೆ ಬಿಸಿಲಿಲ್ಲ. ಅದೇ ಮಳೆಗೆ ಮೆಣಸಿನ ಬಳ್ಳಿಗೆ ಸೊರಗು ರೋಗ ಹತ್ತಿತು. ಹಸಿ ಅಡಿಕೆ ಉದುರಿದ ಜಾಗದಲ್ಲೇ ಮೆಣಸಿನ ಎಲೆ ಕಪ್ಪಾಗಿ ಬಿದ್ದಿತ್ತು. ಬೆಳೆ ಎರಡು, ಆದರೆ ಎರಡಕ್ಕೂ ಶತ್ರು ಒಂದೇ ಮಳೆ.

ಷೇರಿನ ಲೆಕ್ಕದಲ್ಲಿ ಇದಕ್ಕೆ ಕೊರಿಲೇಷನ್ ಅಂತಾರೆ, ಎರಡು ಷೇರು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ ಅನ್ನೋದು. ಪೂರಾ ಜೊತೆಯಲ್ಲಿ ನಡೆದರೆ 1, ಸಂಬಂಧವೇ ಇಲ್ಲದಿದ್ದರೆ 0. 1952ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ ತೋರಿಸಿಕೊಟ್ಟಿದ್ದು ಇದನ್ನೇ. ಒಟ್ಟು ಗಂಟಿನ ಅಪಾಯ ಒಂದೊಂದು ಷೇರಿನ ಅಪಾಯದ ಮೇಲಷ್ಟೇ ನಿಂತಿಲ್ಲ, ಅವು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಅನ್ನೋದರ ಮೇಲೂ ನಿಂತಿದೆ. 1990ರಲ್ಲಿ ನೊಬೆಲ್ ಬಂದದ್ದೂ ಈ ಕೆಲಸಕ್ಕೆ.

ಪ್ರತಿ ಷೇರಿನ ವಾರ್ಷಿಕ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಶೇ. 30 ಅಂದುಕೊಳ್ಳಿ. ನಾಲ್ಕಕ್ಕೂ ಸಮಪಾಲು. ನಾಲ್ಕೂ ಐಟಿ, ಡಾಲರ್ ಬೆಲೆ ಮತ್ತು ಅಮೆರಿಕದ ಗಿರಾಕಿಗಳನ್ನೇ ನಂಬಿದವು, ಹಾಗಾಗಿ ಕೊರಿಲೇಷನ್ 0.7 ಇಡೋಣ. 30ರ ವರ್ಗ 900. ನಾಲ್ಕರಲ್ಲಿ ಒಂದು ಷೇರಿನ ಪಾಲು ಕಾಲು, ಉಳಿದ ಮೂರರದು ಮುಕ್ಕಾಲು. ಮುಕ್ಕಾಲನ್ನು 0.7ರಿಂದ ಗುಣಿಸಿ ಕಾಲಿಗೆ ಕೂಡಿಸಿದರೆ 0.775. ಆ 900ನ್ನು 0.775ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 26.4 ಬರುತ್ತದೆ. ನಾಲ್ಕು ಷೇರು ಇಟ್ಟರೂ 30 ಇದ್ದದ್ದು 26ಕ್ಕೆ ಇಳಿಯಿತು ಅಷ್ಟೇ. ಅದೇ ಒಂದು ಐಟಿ, ಒಂದು ಬ್ಯಾಂಕ್, ಒಂದು ಔಷಧಿ, ಒಂದು ಸಿಮೆಂಟ್ ಇಟ್ಟು ಕೊರಿಲೇಷನ್ 0.25 ಆದರೆ? 0.775ರ ಜಾಗದಲ್ಲಿ 0.4375. ಉತ್ತರ 19.8. ಷೇರಿನ ಸಂಖ್ಯೆ ಅಷ್ಟೇ, ಅಪಾಯ ಕಾಲು ಭಾಗ ಕಡಿಮೆ.

ಹಾಗಂತ ಐವತ್ತು ಷೇರು ಕೊಳ್ಳಲು ಹೋಗಬೇಡಿ. ಅದೇ 0.25 ಇಟ್ಟುಕೊಂಡು ಹತ್ತು ಷೇರಿಗೆ ಲೆಕ್ಕ ಹಾಕಿದರೆ 17.1, ಇಪ್ಪತ್ತಕ್ಕೆ 16.1, ಐವತ್ತಕ್ಕೆ 15.4. ಎಷ್ಟೇ ಸೇರಿಸಿದರೂ 15ಕ್ಕಿಂತ ಕೆಳಗೆ ಬರಲ್ಲ. ಆ ಹದಿನೈದು ಇಡೀ ಪೇಟೆಯ ಮಳೆ. 2020ರ ಮಾರ್ಚ್‌ನಂಥ ದಿನಗಳಲ್ಲಿ ಕೊರಿಲೇಷನ್ ಕೂಡ ಮೇಲೇರುತ್ತದೆ, ಬ್ಯಾಂಕು, ಸಿಮೆಂಟು ಅನ್ನದೆ ಒಟ್ಟಿಗೆ ಬೀಳುತ್ತವೆ. ಅದಕ್ಕೆ ತಡೆ ಬೇಕಾದರೆ ಷೇರಿನ ಹೊರಗೆ, ಎಫ್‌ಡಿ, ಪಿಪಿಎಫ್‌ನಂಥ ಕಡೆ ಒಂದಷ್ಟು ಹಣ ಇರಲೇಬೇಕು. ನಿಮ್ಮ ವಿಷಯದಲ್ಲಿ ಇನ್ನೊಂದಿದೆ. ನಿಮ್ಮ ಸಂಬಳವೂ ಐಟಿಯದೇ. ಆ ಕ್ಷೇತ್ರಕ್ಕೆ ಕೆಟ್ಟ ವರ್ಷ ಬಂದರೆ ಷೇರು ಬೀಳುವ ಹೊತ್ತಿಗೇ ಕೆಲಸವೂ ಅಲುಗಾಡಬಹುದು. ಐಟಿ ಕಂಪನಿಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಬದುಕಿನ ದೊಡ್ಡ ಪಾಲು ಆಗಲೇ ಅಲ್ಲಿ ಹೂಡಿಕೆಯಾಗಿದೆ, 5 ಲಕ್ಷವಾದರೂ ಬೇರೆ ಕಡೆ ಇರಲಿ ಅನ್ನೋದು ನನ್ನ ಮನಸ್ಸಿನ ಮಾತು.

ಮಗಳ ಓದಿನ ಕಾಗದವನ್ನು ನಾನಾದರೆ ಹೀಗೆ ಬರೆಯುತ್ತೇನೆ. 15 ವರ್ಷಕ್ಕೆ 5 ಲಕ್ಷ, ಶೇ. 6 ಸಿಕ್ಕರೆ 12 ಲಕ್ಷ, ಶೇ. 9 ಸಿಕ್ಕರೆ 18.2 ಲಕ್ಷ, ಶೇ. 12 ಸಿಕ್ಕರೆ 27.4 ಲಕ್ಷ. ಕಾಲೇಜಿನ ಖರ್ಚಿಗೆ ಮೊದಲ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಿರಿ, ಕಡಿಮೆ ಬೀಳುವುದನ್ನು ತಿಂಗಳ ಉಳಿತಾಯದಿಂದ ತುಂಬಿಸಿ. ಉಳಿದ ಎರಡು ಬಂದರೆ ಸಂತೋಷ. ಮಗಳು ಕಾಲೇಜು ಸೇರುವ ಮೂರು ವರ್ಷ ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಎಫ್‌ಡಿಗೆ ವರ್ಗಾಯಿಸಿ. 2008ರಂಥ ವರ್ಷ ಸರಿಯಾಗಿ ಫೀಸು ಕಟ್ಟುವ ಹೊತ್ತಿಗೇ ಬರಬಾರದು ಅಂತ ಯಾವ ನಿಯಮವೂ ಇಲ್ಲ.

ನಿಮ್ಮ ಷೇರಿನ ನಿಜವಾದ ಅಂಕಿ ಬೇಕಾದರೆ ಈ ಭಾನುವಾರ ಒಂದು ಗಂಟೆ ಕೂರಿ. ಎನ್‌ಎಸ್‌ಇ ಜಾಲತಾಣದಲ್ಲಿ ನಾಲ್ಕೂ ಷೇರಿನ ಕಳೆದ ಐದು ವರ್ಷದ ಬೆಲೆ ಸಿಗುತ್ತದೆ. ತಿಂಗಳ ಕೊನೆಯ ಬೆಲೆ ಮಾತ್ರ ತೆಗೆದುಕೊಂಡು ಎಕ್ಸೆಲ್‌ನಲ್ಲಿ ತಿಂಗಳಿನಿಂದ ತಿಂಗಳಿಗೆ ಶೇಕಡಾ ಬದಲಾವಣೆ ಹಾಕಿ. ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು 3.46ರಿಂದ, ಅಂದರೆ 12ರ ವರ್ಗಮೂಲದಿಂದ, ಗುಣಿಸಿದರೆ ವಾರ್ಷಿಕ ಏರಿಳಿತ. ದಿನದ ಬೆಲೆ ತೆಗೆದುಕೊಂಡರೆ 3.46ರ ಬದಲು ಸುಮಾರು 16, ಯಾಕಂದರೆ ಪೇಟೆ ವರ್ಷಕ್ಕೆ 250 ದಿನದಷ್ಟು ನಡೆಯುತ್ತದೆ. ಬೋನಸ್ ಕೊಟ್ಟ ಅಥವಾ ಷೇರು ಒಡೆದ ತಿಂಗಳು ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಒಂದಕ್ಕೊಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧ ಆಗಿರುತ್ತದೆ, ಷೇರು ಎರಡಾಗಿರುತ್ತದೆ, ಎಕ್ಸೆಲ್‌ಗೆ ಅದು ಗೊತ್ತಿಲ್ಲ, ಶೇ. 50 ನಷ್ಟ ಅಂತ ತೋರಿಸುತ್ತದೆ. ನಾಲ್ಕು ಷೇರಿಗೆ ಆರು ಜೋಡಿ ಆಗುತ್ತವೆ. ಆರರ ಕೊರಿಲೇಷನ್ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಿಮ್ಮ ಜೊತೆ ಕೂತು ಮುಂದಿನ ಲೆಕ್ಕ ಮಾಡುತ್ತೇನೆ.