ಸ್ಟಿಯರಿಂಗ್ ಸದ್ದು: ರ‍್ಯಾಕ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮದು 9 ವರ್ಷದ ಪೆಟ್ರೋಲ್ ಕಾರು, ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್. ಮಳೆಗಾಲ ಹಿಡಿದ ಮೇಲೆ ಅಂಗಳದಲ್ಲಿ ಗಾಡಿ ತಿರುಗಿಸುವಾಗ ಮುಂದಿನಿಂದ ‘ಟೊಂಯ್’ ಅನ್ನುತ್ತದೆ. ಗುಂಡಿಗೆ ಇಳಿದರೆ ‘ಕಟಕ್’. ರ‍್ಯಾಕನ್ನೇ (ಸ್ಟಿಯರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು) ಬದಲಿಸಬೇಕು ಅಂತಾರೆ ಮೆಕ್ಯಾನಿಕ್. ಬೇರೆ ದಾರಿ ಇಲ್ಲವೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಬರೆದಿರುವುದು ಎರಡು ಬೇರೆ ಬೇರೆ ಸದ್ದು. ಒಂದೇ ಕಾಯಿಲೆ ಅಂತ ಹುಡುಕಲು ಹೋದರೆ ದುಡ್ಡು ದಂಡ. ಸದ್ದು ಯಾವಾಗ ಬರುತ್ತದೆ, ಗಾಡಿ ನಿಂತಾಗಲೋ ಓಡುವಾಗಲೋ, ಎಂಜಿನ್ ಆಫ್ ಇದ್ದಾಗಲೂ ಬರುತ್ತದೆಯೋ ಎಂದು ಮೊದಲು ಗಮನಿಸಿ. ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ನಿಂತಲ್ಲೇ ತಿರುಗಿಸಿದಾಗ ‘ಟೊಂಯ್’ ಅಂದರೆ ಮೊದಲ ಅನುಮಾನ ಸ್ಟ್ರಟ್ ಮೌಂಟ್ ಬೇರಿಂಗ್ ಮೇಲೆ. ಚಕ್ರ ತಿರುಗಿದಂತೆ ಕಾಯಿಲ್ ಸ್ಪ್ರಿಂಗ್ ಕೂಡ ತಿರುಗಬೇಕು, ಅದಕ್ಕೇ ಶಾಕ್ ಅಬ್ಸಾರ್ಬರ್ ತಲೆಯ ಮೇಲೆ ಆ ಬೇರಿಂಗ್ ಇರುವುದು. ನಮ್ಮ ಕಡೆಯ ಕೆಂಪು ಕೆಸರುನೀರು ಒಳಗೆ ಸೇರಿ ಗ್ರೀಸ್ ತೊಳೆದುಹೋದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ಸ್ವಲ್ಪ ತಿರುಚಿಕೊಂಡು, ತಡೆಯಲಾರದೆ ಒಮ್ಮೆಲೇ ಹಾರುತ್ತದೆ. ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸಲಿ. ನೀವು ಬೆರಳ ತುದಿಯನ್ನು ಸ್ಪ್ರಿಂಗಿನ ಹೊರಮೈಗೆ ತಾಗಿಸಿಡಿ. ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಕೈಗೆ ಜರ್ಕ್ ಹೊಡೆದರೆ ಕಳ್ಳ ಸಿಕ್ಕಿಬಿದ್ದ. ರಬ್ಬರ್ ಮೌಂಟ್ ಮತ್ತು ಬೇರಿಂಗ್ ಎರಡನ್ನೂ, ಎಡ ಬಲ ಎರಡೂ ಕಡೆ ಹಾಕಿಸಿ. ಈ ಕೆಲಸ ಮನೆಯಲ್ಲಿ ಬೇಡ: ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮೇಲಿನ ನಡುವಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಮುಖಕ್ಕೇ ಸಿಡಿಯಬಹುದು. ಕೆಲಸ ಮುಗಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಇನ್ನು ‘ಕಟಕ್’. ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಮಳೆಗಾಲದ ಮೆತ್ತನೆ ನೆಲದಲ್ಲಂತೂ ಜಾಕ್, ಸ್ಟ್ಯಾಂಡಿನಡಿ ಹಲಗೆ ಇರಲಿ. ಗಡಿಯಾರದ 3 ಮತ್ತು 9 ಗಂಟೆಯ ಜಾಗದಲ್ಲಿ ಟೈರ್ ಹಿಡಿದು ಅಲುಗಾಡಿಸಿ. ಆಟ ಕಂಡರೆ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ಹೊರತುದಿಯ ಕೀಲು) ಸವೆದಿದೆ, ಇಲ್ಲವೇ ಒಳಗಿನ ರ‍್ಯಾಕ್ ಎಂಡ್. ಜಾಯಿಂಟಿನ ಮೇಲೆ ಇನ್ನೊಬ್ಬರು ಕೈಯಿಟ್ಟರೆ ಯಾವುದು ಎಂದು ಗೊತ್ತಾಗುತ್ತದೆ. 12 ಮತ್ತು 6ರಲ್ಲಿ ಆಡಿದರೆ ಲೋವರ್ ಆರ್ಮ್ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ಗುಂಡು ಕೀಲು) ಅಥವಾ ವ್ಹೀಲ್ ಬೇರಿಂಗ್. ಆಗ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಚಕ್ರ ನೆಲಕ್ಕಿಳಿಸಿ ಸ್ಟೆಬಿಲೈಸರ್ ಲಿಂಕನ್ನೂ (ಗಾಡಿ ವಾಲದಂತೆ ತಡೆಯುವ ಅಡ್ಡಸರಳಿನ ಕೊಂಡಿ) ಕೈಯಲ್ಲಿ ಅಲುಗಿಸಿ ನೋಡಿ. ಒಂದೇ ಚಕ್ರ ಗುಂಡಿಗೆ ಇಳಿದಾಗ ಬರುವ ಕಟಕ್ ಎಷ್ಟೋ ಸಲ ಅದರದ್ದೇ, ಅದು ಅಗ್ಗದ ಪಾರ್ಟು. ಪೆಡಲುಗಳ ಹತ್ತಿರ ಸ್ಟಿಯರಿಂಗ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಚೂರೇ ಚೂರು ಅಲುಗಿಸುತ್ತಾ ಅದನ್ನೂ ಮುಟ್ಟಿ ನೋಡಿ.

ಇಷ್ಟೆಲ್ಲ ಬಿಗಿಯಾಗಿದ್ದು, ರ‍್ಯಾಕಿನ ರಬ್ಬರ್ ಬೂಟ್ (ಹೊರಗವಸು) ಹರಿದು ಒಳಗೆ ನೀರು, ತುಕ್ಕು ಕಂಡರೆ ಮಾತ್ರ ರ‍್ಯಾಕಿನ ಮಾತು. ಕೆಲವರು ರ‍್ಯಾಕಿನ ಹಿಂದಿರುವ ಅಡ್ಜಸ್ಟಿಂಗ್ ನಟ್ ಬಿಗಿ ಮಾಡಿ ಸದ್ದು ನಿಲ್ಲಿಸಿಕೊಡುತ್ತಾರೆ. ಅಳತೆ ಮೀರಿ ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ನೀವು ಆಗುಂಬೆ ಘಾಟಿ ಇಳಿಯುವವರು, ಸಾಲು ಹೇರ್‌ಪಿನ್ ತಿರುವಿನಲ್ಲಿ ಆ ಅಪಾಯ ಬೇಡ.

ಪ್ರಶ್ನೆ: ಹಳೇ ಡೀಸೆಲ್ ಗಾಡಿ, ಹೈಡ್ರಾಲಿಕ್ ಪವರ್ ಸ್ಟಿಯರಿಂಗ್. ಪೂರ್ತಿ ತಿರುಗಿಸಿದಾಗ ‘ಗುಂಯ್’ ಎಂದು ಅಳುತ್ತದೆ. ಆಯಿಲ್ ಕಡಿಮೆಯಾಗಿತ್ತು. ಮನೆಯಲ್ಲಿದ್ದ ಬ್ರೇಕ್ ಆಯಿಲ್ ಹಾಕಬಹುದೇ?
— ಓದುಗರೊಬ್ಬರು, ಹೊಸನಗರ

ಉತ್ತರ: ಖಂಡಿತ ಬೇಡ. ಬ್ರೇಕ್ ಆಯಿಲ್ ಬಿದ್ದರೆ ಪಂಪಿನ, ರ‍್ಯಾಕಿನ ಸೀಲುಗಳು ಉಬ್ಬಿ ಹಾಳಾಗುತ್ತವೆ. ಈಗಾಗಲೇ ಹಾಕಿದ್ದರೆ ಎಂಜಿನ್ ಚಾಲೂ ಮಾಡದೆ ಪೂರ್ತಿ ತೆಗೆಸಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್ ಮಾತ್ರ ಹಾಕಿ.

ಪಂಪು ಅಳುವುದು ಆಯಿಲಿನ ಜೊತೆ ಗಾಳಿ ಎಳೆದಾಗ. ಆಯಿಲ್ ತುಂಬುವ ಡಬ್ಬದಲ್ಲಿ ನೊರೆ ಇದೆಯೇ ನೋಡಿ. ಹೊರಗೆ ಸೋರಿಕೆ ಕಾಣದೆ ನೊರೆ ಮಾತ್ರ ಇದ್ದರೆ ಡಬ್ಬದಿಂದ ಪಂಪಿಗೆ ಹೋಗುವ ಪೈಪಿನ ಕ್ಲಿಪ್ ಸಡಿಲ, ಇಲ್ಲವೇ ಪೈಪ್ ಬಿರುಕು ಬಿಟ್ಟಿದೆ. ರ‍್ಯಾಕಿನ ಬೂಟ್ ಹಿಸುಕಿದಾಗ ಒಳಗೆ ಆಯಿಲ್ ತುಂಬಿದಂತಿದ್ದರೆ ಸೀಲ್ ಹೋಗಿದೆ.

ಸೋರಿಕೆ ಸರಿಪಡಿಸಿದ ಮೇಲೆ ಗಾಳಿ ತೆಗೆಯಿರಿ. ಮುಂದಿನ ಎರಡೂ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಸ್ಟಿಯರಿಂಗನ್ನು ಕೊನೆಯಿಂದ ಕೊನೆಗೆ 15–20 ಸಲ ನಿಧಾನ ತಿರುಗಿಸಿ. ನಡುನಡುವೆ ಆಯಿಲ್ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಇನ್ನಷ್ಟು ಸಲ ತಿರುಗಿಸಿ. ಕೊನೆಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಅದುಮಿ ಹಿಡಿಯಬೇಡಿ, ಪಂಪು ಬಿಸಿಯಾಗುತ್ತದೆ. ನೊರೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ಶುರುಮಾಡಿ.

‘ಗುಂಯ್’ ಅಲ್ಲದೆ ‘ಕೀಂಚ್’ ಎಂದು ಚೀರಿದರೆ ಅದು ಪಂಪು ತಿರುಗಿಸುವ ಬೆಲ್ಟ್. ನುಣ್ಣಗೆ ಹೊಳೆಯುತ್ತಿದ್ದರೆ, ಬಿರುಕಿದ್ದರೆ ಬದಲಿಸಿ. ಸದ್ದು ನಿಲ್ಲಿಸಲು ಸೋಪು, ಎಣ್ಣೆ ಸವರುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಜಾರುವುದು ಇನ್ನೂ ಜಾಸ್ತಿ.

ಪ್ರಶ್ನೆ: ತೋಟದ ದಾರಿಯಲ್ಲಿ ಪೂರ್ತಿ ತಿರುಗಿಸಿ ಹೋಗುವಾಗ ಮಾತ್ರ ‘ಕಟಕಟ’ ಎನ್ನುತ್ತದೆ. ನಿಂತಾಗ ಇಲ್ಲ.
— ಓದುಗರೊಬ್ಬರು, ಸಾಗರ

ಉತ್ತರ: ಇದು ಸ್ಟಿಯರಿಂಗ್ ಅಲ್ಲ, ಚಕ್ರಕ್ಕೆ ಎಂಜಿನ್ ಶಕ್ತಿ ತಲುಪಿಸುವ ಡ್ರೈವ್ ಶಾಫ್ಟಿನ ಹೊರತುದಿಯ ಕೀಲು, ಅಂದರೆ ಸಿವಿ ಜಾಯಿಂಟ್. ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯದು. ಚಕ್ರದ ಒಳಬದಿಯಲ್ಲಿ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ. ತೋಟದ ದಾರಿಯಲ್ಲಿ ಕಡ್ಡಿ ಚುಚ್ಚಿ ಹರಿಯುವುದುಂಟು. ಸದ್ದು ಬರುವ ಮೊದಲೇ ಕಂಡಿದ್ದರೆ ಹೊಸ ಬೂಟ್, ಗ್ರೀಸಿನಲ್ಲಿ ಮುಗಿಯುತ್ತಿತ್ತು. ಈಗ ಜಾಯಿಂಟನ್ನೇ ಬದಲಿಸಬೇಕು.

ಪ್ರಶ್ನೆ: ಸ್ಟಿಯರಿಂಗ್ ಚಕ್ರದೊಳಗೇ ಉಜ್ಜಿದ ಸದ್ದು. ಹಾರ್ನ್ ಒಮ್ಮೊಮ್ಮೆ ಹೊಡೆಯುವುದಿಲ್ಲ, ಏರ್‌ಬ್ಯಾಗ್ ದೀಪ ಉರಿಯುತ್ತಿದೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕ್ಲಾಕ್ ಸ್ಪ್ರಿಂಗ್, ಅಂದರೆ ಚಕ್ರದೊಳಗೆ ಸುತ್ತಿಟ್ಟ ತಂತಿಪಟ್ಟಿ, ತುಂಡಾಗಿದೆ ಅಥವಾ ತುಂಡಾಗುತ್ತಿದೆ. ದೀಪ ಉರಿಯುವಷ್ಟು ದಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆಂಬ ಭರವಸೆ ಇಲ್ಲ. ಏರ್‌ಬ್ಯಾಗ್ ತಿಳಿದವರ ಕೈಯಲ್ಲೇ ಬಿಚ್ಚಿಸಿ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಪುಸ್ತಕದಲ್ಲಿ ಹೇಳಿದಷ್ಟು ನಿಮಿಷ ಕಾಯಬೇಕು. ಹೊಸದನ್ನು ಕೂರಿಸುವಾಗ ಗಾಡಿಯ ಮುಂದಿನ ಚಕ್ರಗಳು ನೇರವಾಗಿರಬೇಕು, ಕ್ಲಾಕ್ ಸ್ಪ್ರಿಂಗಿನ ಗುರುತು ನಡುವಿಗೆ ಬಂದಿರಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ತಿರುವಿನಲ್ಲೇ ಹೊಸದೂ ಹರಿಯುತ್ತದೆ.